ಸೂರ್ಯನಿಗಾಗಿ ಅತ್ತೆವು, ಭೂಮಿಕಾಳನ್ನು ಕೇಳಲಿಲ್ಲ

ಕಳೆದ ಚಳಿಗಾಲದ ಒಂದು ಶನಿವಾರ ಸ್ಕೋಕಿಯ ನಮ್ಮ ಫ್ಲಾಟಿನಲ್ಲಿ ಮೂರು ಮನೆಯವರು ಸೇರಿದ್ದೆವು. ಡೆಟ್ರಾಯಿಟ್ ಕಡೆಯಿಂದ ಒಂದು ಹೊಸ ಜೋಡಿ ಐದು ಗಂಟೆ ಕಾರು ಓಡಿಸಿಕೊಂಡು ಬಂದಿತ್ತು. ಡೆವೊನ್ ಅವೆನ್ಯೂವಿನಿಂದ ತಂದ ಐಸಿನ ಬಂಗುಡೆ, ಅಕ್ಕಿ ಪತ್ತಿರ್, ಹೊರಗೆ ಮೊಣಕಾಲಿನವರೆಗೆ ಹಿಮ. ಊಟ ಆದ ಮೇಲೆ ಯಾರೋ ಟಿವಿಯಲ್ಲಿ ‘ಅಮೆರಿಕಾ ಅಮೆರಿಕಾ’ ಹಾಕಿದರು. ಹಾಡು ಬಂದಾಗ ಗಂಡಸರೆಲ್ಲ ಒಟ್ಟಿಗೆ ಗುನುಗಿದೆವು. ಸಿನಿಮಾ ಅರ್ಧಕ್ಕೆ ಬಂದಾಗ ಡೆಟ್ರಾಯಿಟಿನ ಆ ಹುಡುಗಿ, "ಪಾಪ, ಆ ಭೂಮಿಕಾಳಿಗೆ ಒಂದು ಕೆಲಸ ಇದ್ದಿದ್ದರೆ ಅರ್ಧ ಸಿನಿಮಾವೇ ಇರ್ತಿರಲಿಲ್ಲ" ಎಂದಳು. ನಾವು ನಕ್ಕೆವು. ಅವಳು ನಗಲಿಲ್ಲ.

ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ ಈ ಚಿತ್ರ ಬಂದು ಇಪ್ಪತ್ತೈದು ವರ್ಷ ದಾಟಿದೆ. 1996ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಸಿಕ್ಕಿದೆ. ಕತೆ ನಿಮಗೆ ಗೊತ್ತೇ ಉಂಟು. ಮೂವರು ಗೆಳೆಯರು. ರಮೇಶ್ ಅರವಿಂದರ ಸೂರ್ಯ ಊರಲ್ಲೇ ಉಳಿಯುತ್ತಾನೆ, ಅಕ್ಷಯ್ ಆನಂದರ ಶಶಾಂಕ ಅಮೆರಿಕಕ್ಕೆ ಹೋಗುತ್ತಾನೆ, ಹೇಮಾ ಮಾಡಿದ ಭೂಮಿಕಾ ಶಶಾಂಕನನ್ನು ಮದುವೆಯಾಗುತ್ತಾಳೆ. ಸೂರ್ಯ, ಚಂದ್ರ, ಭೂಮಿ ಎಂದು ಹೆಸರಲ್ಲೇ ಎಲ್ಲ ಹೇಳಿಟ್ಟಿದ್ದಾರೆ.

ನಾನು ಇದನ್ನು ಮೊದಲು ನೋಡಿದ್ದು ಅಮೆರಿಕದಲ್ಲಿ ಅಲ್ಲ, ಸೌದಿಯ ಜುಬೈಲಿನ ಒಂದು ರೂಮಿನಲ್ಲಿ. ಎಂಟು ಜನ, ಒಂದು ಟಿವಿ, ಯಾರೋ ರಜೆಯಿಂದ ಬರುವಾಗ ತಂದ ಕ್ಯಾಸೆಟ್. ಅರ್ಧಕ್ಕರ್ಧ ಜನ ಕಣ್ಣೊರೆಸಿಕೊಂಡರು. ಎಲ್ಲರೂ ಸೂರ್ಯನ ಪಕ್ಷ. ಶಶಾಂಕನಿಗೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ: ದುಡ್ಡಿನ ಹುಚ್ಚ, ಹೆಂಡತಿಯ ಬೆಲೆ ಗೊತ್ತಿಲ್ಲದವ. ಆ ರೂಮಿನಲ್ಲಿದ್ದ ಎಂಟೂ ಜನ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರು! ಶಶಾಂಕನಾದರೂ ಕರೆದುಕೊಂಡು ಹೋಗಿದ್ದ. ಇದು ನಮಗೆ ಯಾರಿಗೂ ಹೊಳೆಯಲೇ ಇಲ್ಲ.

ನಾವ್ಯಾಕೆ ಸೂರ್ಯನೇ ಆಗಲು ಬಯಸುತ್ತೇವೆ? ಅವನು ಹೋಗಲಿಲ್ಲ, ಅದಕ್ಕೆ. ಅವನ ಹತ್ತಿರ ಮಳೆ ಉಂಟು, ಊರು ಉಂಟು, ಮಾತಾಡಲು ಜನ ಉಂಟು. ಪರದೇಶದಲ್ಲಿ ದುಡಿಯುವವನಿಗೆ ಒಳಗೊಬ್ಬ ಸೂರ್ಯ ಇದ್ದೇ ಇರುತ್ತಾನೆ, ನಾನು ಹೋಗದಿದ್ದರೆ ಹೇಗಿರುತ್ತಿದ್ದೆ ಎಂಬ ಮನುಷ್ಯ. ಶಶಾಂಕನ ಹೊಟ್ಟೆಕಿಚ್ಚು ಕೂಡ ನನಗೆ ಈಗ ಬೇರೆ ಥರ ಕಾಣುತ್ತದೆ. ಹೆಂಡತಿಯ ಮೇಲಿನ ಸಂಶಯ ಅದರ ಅರ್ಧ ಮಾತ್ರ. ಇವನು ಕಳೆದುಕೊಂಡದ್ದನ್ನು ಇನ್ನೂ ಇಟ್ಟುಕೊಂಡಿರುವ ಗೆಳೆಯ ಬಾಗಿಲಲ್ಲಿ ಬಂದು ನಿಂತಿದ್ದಾನೆ, ಉರಿ ಅದಕ್ಕೆ. ಊರಿಂದ ನೆಂಟರು ಬಂದು ಸೋಫಾದಲ್ಲಿ ಕೂತು "ನಿಮಗೇನು, ಇಲ್ಲಿ ಸುಖ" ಎಂದಾಗ ಆಗುವ ಸಂಕಟ ನಿಮಗೆ ಗೊತ್ತಲ್ಲ. ಇಷ್ಟನ್ನು ಹಿಡಿದಿದ್ದಕ್ಕೆ ಆ ಸಿನಿಮಾಕ್ಕೆ ನನ್ನ ಸಲಾಂ.

ಸಂಗೀತದ್ದಂತೂ ಬೇರೆಯೇ ಮಾತು. ನಮ್ಮ ಕರಾವಳಿಯ ಮೊಗೇರಿಯವರಾದ ಗೋಪಾಲಕೃಷ್ಣ ಅಡಿಗರ ಕವಿತೆಯೊಂದು ಇದರಲ್ಲಿ ಹಾಡಾಗಿದೆ. ಶಾಲೆ ಅರ್ಧಕ್ಕೆ ಬಿಟ್ಟ ನನ್ನಂಥವನೂ ಆ ಪದ್ಯವನ್ನು ಬಾಯಿಪಾಠ ಹೇಳುತ್ತಾನೆ. ರಾಗ ಹಾಕಿದ ಮನೋಮೂರ್ತಿ ಯಾರು? ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗ. ಮುಂದೆ 2006ರಲ್ಲಿ ‘ಮುಂಗಾರು ಮಳೆ’ಯ ಹಾಡುಗಳನ್ನು ಕೊಟ್ಟವರೂ ಇವರೇ. ಅಂದರೆ ಅಮೆರಿಕಕ್ಕೆ ಹೋದವನ ಮನಸ್ಸು ಒಣಗುತ್ತದೆ ಎಂದು ಹೇಳುವ ಸಿನಿಮಾಕ್ಕೆ ಜೀವ ತುಂಬಿದ್ದು ಅಮೆರಿಕಕ್ಕೆ ಹೋದವರೇ. ಕತೆ ಹೇಳಿದ್ದನ್ನು ಅದರ ಹಾಡೇ ಸುಳ್ಳು ಮಾಡಿತು, ನೋಡಿ.

ನನ್ನ ತಕರಾರು ಇಲ್ಲಿಂದ ಶುರು. ದೇಶ ಬಿಟ್ಟವ ದುಡ್ಡಿಗೆ ಬಿದ್ದವ, ಉಳಿದವ ಒಳ್ಳೆಯವ ಎಂಬ ತಕ್ಕಡಿ ಸರಿಯಿಲ್ಲ ಮಾರಾಯ್ರೆ. ಊರಲ್ಲಿ ಉಳಿಯುವುದಕ್ಕೂ ಒಂದು ಅನುಕೂಲ ಬೇಕು. ತಂಗಿಯರ ಮದುವೆ, ಮನೆಯ ಸಾಲ, ಉಮ್ಮನ ಮದ್ದು ತಲೆಯ ಮೇಲಿದ್ದವನಿಗೆ ಸೂರ್ಯ ಆಗುವ ಆಯ್ಕೆ ಎಲ್ಲಿತ್ತು? ಸಿನಿಮಾದ ಅಮೆರಿಕದಲ್ಲಿ ಕಾರು, ರಸ್ತೆ, ದೊಡ್ಡ ಮನೆ ಕಾಣುತ್ತವೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಸ್ಸಿಗೆ ಕಾಯುವವರು ಕಾಣುವುದಿಲ್ಲ.

ಭೂಮಿಕಾಳ ಒಂಟಿತನಕ್ಕೆ ಸಿನಿಮಾ ಗಂಡನ ಗುಣವನ್ನೇ ಕಾರಣ ಮಾಡುತ್ತದೆ. ಆ ಹುಡುಗಿ ಹೇಳಿದ್ದು ಇಲ್ಲಿಗೇ ಬಂತು. ಎಚ್-1ಬಿ ವೀಸಾದವರ ಹೆಂಡತಿ ಎಚ್-4ರಲ್ಲಿ ಬರುತ್ತಾಳೆ. ಆ ವೀಸಾದಲ್ಲಿ ಎಷ್ಟು ಓದಿದ್ದರೂ ದುಡಿಯುವ ಹಾಗಿರಲಿಲ್ಲ. 2015ರ ಮೇ ತಿಂಗಳಿಂದ ಕೆಲವರಿಗೆ ಪರವಾನಗಿ ಸಿಗುತ್ತಿದೆ, ಅದೂ ಮುಖ್ಯವಾಗಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿದ್ದರೆ. ನಮ್ಮ ಡೆಟ್ರಾಯಿಟಿನ ಹುಡುಗಿ ಊರಲ್ಲಿ ಟೀಚರ್ ಆಗಿದ್ದವಳು, ಈಗ ಎರಡು ವರ್ಷದಿಂದ ಕಿಟಕಿಯಲ್ಲಿ ಹಿಮ ನೋಡುತ್ತಿದ್ದಾಳೆ. ಗಂಡ ಒಳ್ಳೆಯವನೇ. ಗಲ್ಫಿನ ಕತೆಯೂ ಇದೇ. ಸೌದಿಯಲ್ಲಿ 2017ರ ಜುಲೈಯಿಂದ ಜೊತೆಗಿರುವ ಹೆಂಡತಿ, ಮಕ್ಕಳಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು, ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಎಷ್ಟು ಜನ ಸಂಸಾರವನ್ನು ವಿಮಾನ ಹತ್ತಿಸಿದರು! ಅವರೆಲ್ಲ ಪ್ರೀತಿ ಕಮ್ಮಿಯಾಗಿ ಹತ್ತಿಸಿದ್ದಾ?

ಇನ್ನು ಸೂರ್ಯನ ಮೌನ. ಅವನು ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅದನ್ನೇ ನಾವು ತ್ಯಾಗ ಎಂದು ಮೆಚ್ಚಿದೆವು. ಆದರೆ ಆ ಮೌನದಲ್ಲಿ ಭೂಮಿಕಾಳಿಗೆ ಏನು ಬೇಕು ಎಂಬುದನ್ನೂ ಅವನೇ ತೀರ್ಮಾನಿಸಿಬಿಟ್ಟ. ಇದನ್ನು ಬರೆಯಲು ನನಗೆ ಧೈರ್ಯ ಸಾಲದು, ಏಕೆಂದರೆ ಗಲ್ಫಿಗೆ ಹೋಗುವಾಗ ನಾನೂ ಮನೆಯವಳನ್ನು ಕೇಳಿರಲಿಲ್ಲ. ಟಿಕೆಟ್ ಆದ ಮೇಲೆ ಹೇಳಿದೆ. "ಎಲ್ಲ ನಿನಗಾಗಿಯೇ" ಎಂದೂ ಹೇಳಿದೆ. ಮೊದಲ ರಜೆಯಲ್ಲಿ ಮಿಕ್ಸಿ, ಸೀರೆ, ಸೆಂಟು ಎಲ್ಲ ಹರವಿಟ್ಟಾಗ ಅವಳು ಕೇಳಿದ್ದು ಒಂದೇ ಮಾತು: "ಎಷ್ಟು ದಿನ ಇರ್ತೀರಿ?" ನನಗೆ ಆಗ ಸಿಟ್ಟು ಬಂದಿತ್ತು.

ಕೊನೆಗೆ ಶಶಾಂಕನನ್ನು ಕಾರು ಅಪಘಾತದಲ್ಲಿ ಸಾಯಿಸುತ್ತಾರೆ. ಇದಕ್ಕೆ ಮಾತ್ರ ನಾನು ಮಾರ್ಕು ಕೊಡುವುದಿಲ್ಲ. ಗಂಟು ಬಿಚ್ಚಲಾಗದೆ ಕತ್ತರಿ ಹಾಕಿದಂತಾಯಿತು. ಮನಸ್ಸು ಮುರಿದ ಗಂಡ ಹೆಂಡತಿ ಸೋಮವಾರ ಬೆಳಿಗ್ಗೆ ಅದೇ ಮೇಜಿನಲ್ಲಿ ಚಾ ಕುಡಿಯಬೇಕಾಗುತ್ತದೆ. ಆ ಚಾ ಹೇಗೆ ಕುಡಿಯುವುದು ಎಂದು ತೋರಿಸಿದ್ದರೆ ನಮಗೆ ಎಷ್ಟು ಉಪಕಾರವಾಗುತ್ತಿತ್ತು.

ಇಷ್ಟೆಲ್ಲ ಹೇಳಿಯೂ, ನಮ್ಮ ಸಂಘದ ಮುಂದಿನ ಕುಟುಂಬ ಕೂಟದಲ್ಲಿ ಒಂದು ಸಿನಿಮಾ ತೋರಿಸುವುದಾದರೆ ಇದನ್ನೇ ತೋರಿಸಿ ಎನ್ನುತ್ತೇನೆ. ಒಂದೇ ಷರತ್ತು: ಸಿನಿಮಾ ಮುಗಿದ ಮೇಲೆ ಮೈಕು ಮೊದಲು ಹೆಂಗಸರ ಕಡೆ ಹೋಗಲಿ, ಗಂಡಸರು ಆ ಒಂದು ಗಂಟೆ ಅಡುಗೆಮನೆಯಲ್ಲಿರಲಿ. ಬಂಗುಡೆಯ ಪಾತ್ರೆ ತಿಕ್ಕಲು ನನ್ನ ಹೆಸರು ಈಗಲೇ ಬರೆದುಕೊಳ್ಳಿ.