ಎಸ್. ಆರ್. ಬೊಮ್ಮಾಯಿ ಮತ್ತು ಭಾರತ ಒಕ್ಕೂಟದ ನಡುವಿನ ಪ್ರಕರಣ

'''ಎಸ್. ಆರ್. ಬೊಮ್ಮಾಯಿ ಮತ್ತು ಭಾರತ ಒಕ್ಕೂಟದ ನಡುವಿನ ಪ್ರಕರಣ'''ವು ರಾಜ್ಯ ಸರ್ಕಾರವನ್ನು ವಜಾಗೊಳಿಸುವ ಕೇಂದ್ರದ ಅಧಿಕಾರಕ್ಕೂ ಆ ಕ್ರಮಕ್ಕೆ ಬೇಕಾದ ಸಂಸತ್ತಿನ ಅನುಮೋದನೆಗೂ ಇರುವ ಸಂಬಂಧವನ್ನು ನಿರ್ಣಯಿಸಿದ ಮೊಕದ್ದಮೆ. 1989ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಆರಂಭವಾದ ಇದು, 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ತೀರ್ಪಿನೊಂದಿಗೆ ಮುಕ್ತಾಯವಾಯಿತು. ಭಾರತದ ಒಕ್ಕೂಟ ವ್ಯವಸ್ಥೆಯ ಕುರಿತ ಪ್ರಮುಖ ತೀರ್ಪುಗಳಲ್ಲಿ ಇದನ್ನು ಪರಿಗಣಿಸಲಾಗುತ್ತದೆ.

== ಸಂವಿಧಾನದ 356ನೇ ವಿಧಿ ==

ಒಂದು ರಾಜ್ಯದ ಆಡಳಿತವನ್ನು ಸಂವಿಧಾನಕ್ಕೆ ಅನುಗುಣವಾಗಿ ನಡೆಸಲಾಗದ ಸ್ಥಿತಿ ಉಂಟಾಗಿದೆ ಎಂದು ರಾಷ್ಟ್ರಪತಿಗಳಿಗೆ ಮನವರಿಕೆಯಾದರೆ, 356ನೇ ವಿಧಿಯನ್ವಯ ಘೋಷಣೆ ಹೊರಡಿಸಬಹುದು. ರಾಷ್ಟ್ರಪತಿಗಳು ಮಂತ್ರಿಮಂಡಲದ ಸಲಹೆಯಂತೆ ನಡೆಯುವುದರಿಂದ ವಾಸ್ತವವಾಗಿ ಈ ಅಧಿಕಾರ ಕೇಂದ್ರ ಸರ್ಕಾರದ್ದು. ಅದಕ್ಕೆ ಅಂಕುಶವಾಗಿ ಇದೇ ವಿಧಿಯ 3ನೇ ಖಂಡವು, ಘೋಷಣೆಯನ್ನು ಸಂಸತ್ತಿನ ಎರಡೂ ಸದನಗಳು ಎರಡು ತಿಂಗಳೊಳಗೆ ಅನುಮೋದಿಸದಿದ್ದರೆ ಅದು ರದ್ದಾಗುತ್ತದೆ ಎನ್ನುತ್ತದೆ. ಆದರೆ ಘೋಷಣೆಯ ದಿನವೇ ವಿಧಾನಸಭೆಯನ್ನು ವಿಸರ್ಜಿಸಿಬಿಟ್ಟರೆ, ಮುಂದೆ ಸಂಸತ್ತು ಒಪ್ಪದೆ ಹೋದರೂ ಮರಳಿ ಬರಲು ಸಭೆಯೇ ಉಳಿದಿರುವುದಿಲ್ಲ. ಪ್ರಕರಣದ ತಿರುಳು ಈ ಪ್ರಶ್ನೆಯಲ್ಲಿದೆ.

== ಹಿನ್ನೆಲೆ ==

1985ರ ಚುನಾವಣೆಯಲ್ಲಿ ಜನತಾ ಪಕ್ಷವು 224 ಸ್ಥಾನಗಳ ಪೈಕಿ 139ನ್ನು ಗೆದ್ದು, ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ಸರ್ಕಾರ ರಚಿಸಿತು. ಹೆಗಡೆಯವರ ರಾಜೀನಾಮೆಯ ನಂತರ 1988ರ ಆಗಸ್ಟ್‌ನಲ್ಲಿ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆಯಾದ ಎರಡೇ ದಿನಗಳಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು, ಸರ್ಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿದ್ದಾರೆನ್ನಲಾದ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಸಲ್ಲಿಸಿದರು. ರಾಜ್ಯಪಾಲರು ಏಪ್ರಿಲ್ 19ರಂದು ರಾಷ್ಟ್ರಪತಿಗಳಿಗೆ ವರದಿ ಕಳುಹಿಸಿದರು.

ಮರುದಿನ ಆ 19 ಮಂದಿಯಲ್ಲಿ ಏಳು ಶಾಸಕರು, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿದೆಯೆಂದೂ ತಮ್ಮ ಬೆಂಬಲ ಸರ್ಕಾರಕ್ಕೇ ಇದೆಯೆಂದೂ ಬರೆದುಕೊಟ್ಟರು. ಬೊಮ್ಮಾಯಿಯವರು ಏಪ್ರಿಲ್ 27ಕ್ಕೆ ನಿಗದಿಯಾಗಿದ್ದ ಅಧಿವೇಶನವನ್ನು ಹಿಂದಕ್ಕೆ ತಂದಾದರೂ ಸದನದಲ್ಲಿ ಬಹುಮತ ಸಾಬೀತುಪಡಿಸಲು ಸಿದ್ಧರಿರುವುದಾಗಿ ತಿಳಿಸಿದರು. ರಾಜ್ಯಪಾಲರು ಇದನ್ನು ಒಪ್ಪದೆ ಮತ್ತೊಂದು ವರದಿ ಕಳುಹಿಸಿದರು. ಏಪ್ರಿಲ್ 21ರಂದು ಸರ್ಕಾರ ವಜಾಗೊಂಡು ವಿಧಾನಸಭೆಯೂ ವಿಸರ್ಜನೆಯಾಯಿತು. ಸಂಸತ್ತಿನ ಅನುಮೋದನೆ ದೊರೆತದ್ದು ಅನಂತರ.

== ಉಚ್ಚ ನ್ಯಾಯಾಲಯದಲ್ಲಿ ==

ಏಪ್ರಿಲ್ 26ರಂದು ಬೊಮ್ಮಾಯಿ ಮತ್ತಿತರರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಿದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠವು ಅರ್ಜಿಯನ್ನು ವಜಾಗೊಳಿಸಿತು. ಇಂಥ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಸಂಪೂರ್ಣ ಅತೀತವಲ್ಲವೆಂದು ಪೀಠ ಒಪ್ಪಿತಾದರೂ, ರಾಜ್ಯಪಾಲರ ವರದಿಯಲ್ಲಿನ ಸಂಗತಿಗಳು ಅಪ್ರಸ್ತುತವೆನ್ನಲಾಗದು, ವಿಧಾನಸಭೆಯಲ್ಲಿ ಬಹುಮತ ಪರೀಕ್ಷೆ ನಡೆಸುವುದು ಕಡ್ಡಾಯವೂ ಅಲ್ಲ ಎಂದು ಅಭಿಪ್ರಾಯಪಟ್ಟಿತು.

== ಸರ್ವೋಚ್ಚ ನ್ಯಾಯಾಲಯದ ತೀರ್ಪು ==

ಮೇಲ್ಮನವಿಯನ್ನು ಮೇಘಾಲಯ, ನಾಗಾಲ್ಯಾಂಡ್, ಮಧ್ಯಪ್ರದೇಶ, ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ ಪ್ರಕರಣಗಳೊಂದಿಗೆ ವಿಚಾರಣೆ ಮಾಡಲಾಯಿತು. ಬಹುಮತದ ತೀರ್ಪಿನ ಮುಖ್ಯಾಂಶಗಳು:

* ಘೋಷಣೆಯು ನ್ಯಾಯಿಕ ಪರಾಮರ್ಶೆಗೆ ಒಳಪಡುತ್ತದೆ. ಮಂತ್ರಿಮಂಡಲ ನೀಡಿದ ಸಲಹೆಯನ್ನು ಪ್ರಶ್ನಿಸಲಾಗದಿದ್ದರೂ, ಅದಕ್ಕೆ ಆಧಾರವಾದ ದಾಖಲೆಗಳನ್ನು ನ್ಯಾಯಾಲಯ ತರಿಸಿ ನೋಡಬಹುದು.
* ಎರಡೂ ಸದನಗಳ ಅನುಮೋದನೆಗೆ ಮುನ್ನ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಅನುಮೋದನೆ ದೊರೆಯದಿದ್ದರೆ ವಜಾಗೊಂಡ ಸರ್ಕಾರ ಪುನಃ ಅಸ್ತಿತ್ವಕ್ಕೆ ಬರುತ್ತದೆ.
* ಸಂಸತ್ತು ಅನುಮೋದಿಸಿದ ಮಾತ್ರಕ್ಕೆ ಅಕ್ರಮ ಘೋಷಣೆ ಸಕ್ರಮವಾಗುವುದಿಲ್ಲ.
* ಬಹುಮತವನ್ನು ನಿರ್ಣಯಿಸುವ ಸ್ಥಳ ವಿಧಾನಸಭೆಯೇ ಹೊರತು ರಾಜಭವನವಲ್ಲ.

ಕರ್ನಾಟಕ, ಮೇಘಾಲಯ ಮತ್ತು ನಾಗಾಲ್ಯಾಂಡ್ ಘೋಷಣೆಗಳು ಅಸಾಂವಿಧಾನಿಕವೆಂದೂ ಉಳಿದ ಮೂರು ರಾಜ್ಯಗಳವು ಸಿಂಧುವೆಂದೂ ಪೀಠ ತೀರ್ಮಾನಿಸಿತು. ಜಾತ್ಯತೀತತೆಯು ಸಂವಿಧಾನದ ಮೂಲ ಸ್ವರೂಪದ ಭಾಗವೆಂದೂ ಹೇಳಿತು.

== ವಿಶ್ಲೇಷಣೆ ==

ಬೊಮ್ಮಾಯಿಯವರ ವಾದಕ್ಕೆ ಜಯ ದೊರೆತರೂ ಅವರ ಸರ್ಕಾರ ಮರಳಲಿಲ್ಲ. 1989ರ ನವೆಂಬರ್‌ನಲ್ಲೇ ಚುನಾವಣೆ ನಡೆದು, 178 ಸ್ಥಾನ ಗೆದ್ದ ಕಾಂಗ್ರೆಸ್ ವೀರೇಂದ್ರ ಪಾಟೀಲರ ನೇತೃತ್ವದಲ್ಲಿ ಅಧಿಕಾರಕ್ಕೆ ಬಂದಿತ್ತು. ನ್ಯಾಯ ತಡವಾದರೆ ಪರಿಹಾರ ನಿರರ್ಥಕವಾಗುತ್ತದೆ ಎಂಬ ಅರಿವಿನಿಂದಲೇ, ಇಂಥ ಅರ್ಜಿ ಇತ್ಯರ್ಥವಾಗುವವರೆಗೆ ಹೊಸ ಚುನಾವಣೆಗೆ ತಡೆಯಾಜ್ಞೆ ನೀಡಬಹುದೆಂಬ ಮಾತನ್ನೂ ತೀರ್ಪಿನಲ್ಲಿ ಸೇರಿಸಲಾಯಿತು.

ವಿಸರ್ಜನೆಯ ಪರಿಣಾಮ ಮುಖ್ಯಮಂತ್ರಿಗೆ ಸೀಮಿತವಾಗಿರಲಿಲ್ಲ. ಉದಾಹರಣೆಗೆ, ಅಂದು ಬಳ್ಳಾರಿ ಜಿಲ್ಲೆಯಲ್ಲಿದ್ದ, ಈಗ ವಿಜಯನಗರ ಜಿಲ್ಲೆಗೆ ಸೇರಿರುವ ಹೂವಿನಹಡಗಲಿಯ ಮತದಾರರು 1983 ಮತ್ತು 1985ರಲ್ಲಿ ಜನತಾ ಪಕ್ಷದ ಎಂ. ಪಿ. ಪ್ರಕಾಶ್ ಅವರನ್ನು ಆರಿಸಿದ್ದರು. ಐದು ವರ್ಷಕ್ಕೆ ನೀಡಿದ ಆ ಜನಾದೇಶ ಅವಧಿಗೆ ಮುನ್ನವೇ ಕೊನೆಗೊಂಡಿತು. ಬೆಂಬಲ ಹಿಂತೆಗೆದುಕೊಂಡವರು ಎಷ್ಟು ಮಂದಿಯೆಂಬುದು ವಿವಾದದಲ್ಲಿರುವಾಗಲೇ, ವಿವಾದದಲ್ಲಿಲ್ಲದ ಕ್ಷೇತ್ರಗಳೂ ಸೇರಿದಂತೆ ಎಲ್ಲ ಕ್ಷೇತ್ರಗಳೂ ಪ್ರತಿನಿಧಿಯನ್ನು ಕಳೆದುಕೊಂಡವು.

ಸಂಸತ್ತಿನ ಅನುಮೋದನೆಯೊಂದೇ ಸಾಲದೇಕೆ ಎಂಬುದಕ್ಕೂ 1989ರ ಘಟನೆಯಲ್ಲಿ ಉತ್ತರವಿದೆ. ಲೋಕಸಭೆಯಲ್ಲಿ ಆಗ ಆಡಳಿತ ಪಕ್ಷಕ್ಕೆ 400ಕ್ಕೂ ಹೆಚ್ಚು ಸದಸ್ಯರಿದ್ದರು. ಸರ್ಕಾರ ಕೇಳಿದ ಅನುಮೋದನೆ ಅಲ್ಲಿ ನಿಲ್ಲುವ ಸಂಭವವಿರಲಿಲ್ಲ. ಸದನಗಳ ಬಲಾಬಲ ಬದಲಾದಾಗ ಚಿತ್ರವೂ ಬದಲಾಗುತ್ತದೆ. 1999ರ ಫೆಬ್ರುವರಿಯಲ್ಲಿ ಬಿಹಾರದ ಮೇಲೆ ಹೇರಿದ ರಾಷ್ಟ್ರಪತಿ ಆಳ್ವಿಕೆಗೆ ರಾಜ್ಯಸಭೆಯಲ್ಲಿ ಬಹುಮತ ಸಿಗದೆಂದು ಖಚಿತವಾದಾಗ ಕೇಂದ್ರವು ಅದನ್ನು ಹಿಂಪಡೆಯಿತು. ವಿಧಾನಸಭೆ ವಿಸರ್ಜನೆಯಾಗಿರದ ಕಾರಣ ಮಾರ್ಚ್‌ನಲ್ಲಿ ರಾಬ್ಡಿ ದೇವಿ ಸರ್ಕಾರ ಮರಳಿತು. ಕರ್ನಾಟಕದಲ್ಲಿಯೂ 2007ರ ಅಕ್ಟೋಬರ್‌ನಲ್ಲಿ ವಿಧಾನಸಭೆಯನ್ನು ಅಮಾನತಿನಲ್ಲಿಟ್ಟಿದ್ದರಿಂದ ನವೆಂಬರ್ 12ರಂದು ಬಿ. ಎಸ್. ಯಡಿಯೂರಪ್ಪನವರು ಚುನಾವಣೆಯಿಲ್ಲದೆ ಸರ್ಕಾರ ರಚಿಸಲು ಸಾಧ್ಯವಾಯಿತು. ಆ ಸರ್ಕಾರ ಒಂದು ವಾರದಲ್ಲೇ ಪತನಗೊಂಡಿತು.

ಹೀಗಾಗಿ ತೀರ್ಪು ಅಸ್ಥಿರತೆಯನ್ನು ತಡೆಯುವುದಿಲ್ಲ, ಪಕ್ಷಾಂತರವನ್ನೂ ನಿಲ್ಲಿಸುವುದಿಲ್ಲ. ಸರಿಪಡಿಸಲಾಗದ ಹೆಜ್ಜೆಯನ್ನು ಅನುಮೋದನೆಗೆ ಮುನ್ನ ಇಡದಂತೆ ನೋಡಿಕೊಳ್ಳುವುದಷ್ಟೇ ಅದರ ಉದ್ದೇಶ.

== ಇತರೆಡೆಗಳಲ್ಲಿ ==

ಬ್ರಿಟನ್ನಿನಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬರುವ ಸೂಚನೆಯನ್ನು ಸರ್ಕಾರ ಸ್ವಂತ ಅಧಿಕಾರದಿಂದ ನೀಡಬಹುದೇ ಎಂಬ ಪ್ರಶ್ನೆಯನ್ನು ಜೀನಾ ಮಿಲ್ಲರ್ ನ್ಯಾಯಾಲಯದ ಮುಂದಿಟ್ಟರು. 2016ರ ನವೆಂಬರ್ 3ರಂದು ಲಂಡನ್ನಿನ ಉಚ್ಚ ನ್ಯಾಯಾಲಯವೂ 2017ರ ಜನವರಿ 24ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವೂ ಸಂಸತ್ತಿನ ಒಪ್ಪಿಗೆ ಅಗತ್ಯವೆಂದವು. ಅಲ್ಲಿ ಲಿಖಿತ ಸಂವಿಧಾನವಿಲ್ಲದ ಕಾರಣ ಸಂಸತ್ತಿನ ಮಾತೇ ಅಂತಿಮ. ಭಾರತದಲ್ಲಿ ಸಂಸತ್ತಿನ ಅನುಮೋದನೆಯ ನಂತರವೂ ಸಂವಿಧಾನದ ಪರೀಕ್ಷೆ ಉಳಿಯುತ್ತದೆ.