ಕಾಕನಕೋಟೆಗೆ ಹೋದ್ರೆ ಡಿಪ್ರೆಶನ್ ಹೋಗಲ್ಲ

ಆಫೀಸಲ್ಲಿ ಯಾರಾದ್ರೂ "ಯಾಕೋ ನಿದ್ದೆ ಬರ್ತಿಲ್ಲ, ಬೆಳಗ್ಗೆ ಎದ್ರೆ ಎದೆ ಢವಢವ ಅನ್ನತ್ತೆ, ಯಾವುದ್ರಲ್ಲೂ ಮನಸ್ಸಿಲ್ಲ" ಅಂದರೆ ಸಾಕು, ಉತ್ತರಗಳು ರೆಡಿ ಇರ್ತವೆ. ಯೋಗ ಮಾಡು. ಫೋನ್ ದೂರ ಇಡು. ವೀಕೆಂಡಿಗೆ ಕಬಿನಿಗೆ ಹೋಗಿ ಬಾ. ಕಬಿನಿ ಅಂದಾಗ ಎಲ್ಲರೂ ನನ್ನ ಕಡೆ ತಿರುಗ್ತಾರೆ, ಯಾಕಂದ್ರೆ ನಾನು ಎಚ್.ಡಿ. ಕೋಟೆ ತಾಲ್ಲೂಕಿನವನು, ಕಾಕನಕೋಟೆ ಕಾಡಿನ ಅಂಚಿನ ಊರಲ್ಲಿ ಬೆಳೆದವನು. "ಅಂಥಾ ಕಡೆ ಹುಟ್ಟಿದವರಿಗೆ ಡಿಪ್ರೆಶನ್ ಎಲ್ಲಿಂದ ಬರತ್ತೆ, ಲಕ್ಕಿ ಕಣೋ ನೀನು."

ಬರುತ್ತೆ ಸ್ವಾಮಿ. ನನಗೇ ಬಂದಿತ್ತು. ಹದಿನಾಲ್ಕು ತಿಂಗಳು ಎಸಿಟಾಲೊಪ್ರಾಮ್ ತಗೊಂಡಿದ್ದೇನೆ, ಡಾಕ್ಟರು ಹೇಳಿದ ಹಾಗೆ ನಿಧಾನಕ್ಕೆ ಬಿಟ್ಟಿದ್ದೇನೆ. ಇದನ್ನ ಇಲ್ಲಿ ಬರೆಯೋದು ಧೈರ್ಯ ತೋರಿಸಿಕೊಳ್ಳೋಕಲ್ಲ. ಥೈರಾಯ್ಡ್ ಮಾತ್ರೆ ತಗೊಂಡವರನ್ನ ಯಾರೂ ಧೈರ್ಯವಂತರು ಅನ್ನಲ್ಲವಲ್ಲ.

ಕಾಡಿನ ವಿಷಯ ಮೊದಲು ಮುಗಿಸಿಬಿಡ್ತೀನಿ. ನೀವು ರಿಸಾರ್ಟಿನ ಬಾಲ್ಕನಿಯಿಂದ ನೋಡೋ ಆ ಹಿನ್ನೀರು 1974 ರಲ್ಲಿ ಅಣೆಕಟ್ಟು ಮುಗಿದ ಮೇಲೆ ನಿಂತ ನೀರು. ಅದರಡಿಯಲ್ಲಿ ಊರುಗಳಿವೆ. ಅದಕ್ಕೆ ಮೂರು ವರ್ಷ ಮುಂಚೆ, 1971 ರಲ್ಲಿ, ಅಲ್ಲಿ ಕೊನೆಯ ಖೆಡ್ಡಾ ನಡೆದಿತ್ತು. ಆ ಕಾಡಿನಿಂದ ಎಬ್ಬಿಸಿ ಹೊರಗೆ ಹಾಡಿಗಳಲ್ಲಿ ಕೂರಿಸಿದ ಜೇನುಕುರುಬರನ್ನ ಕೇಳಿ ನೋಡಿ, ಡಿಟಾಕ್ಸ್ ಅಂದ್ರೇನು ಅಂತ. ಹಸಿರು ನೋಡಿದ್ರೆ ಮನಸ್ಸಿಗೆ ಹಿತ ಆಗತ್ತೆ, ಇಲ್ಲ ಅನ್ನಲ್ಲ. ಆದ್ರೆ ಹಿತಕ್ಕೂ ಚಿಕಿತ್ಸೆಗೂ ನಡುವೆ ತುಂಬ ದೂರ ಇದೆ. ಭಾನುವಾರ ರಾತ್ರಿ ಹುಣಸೂರು ದಾಟೋ ಹೊತ್ತಿಗೆ ಎದೆ ಢವಢವ ವಾಪಸ್ ಬಂದಿರುತ್ತೆ.

ನಮ್ಮ ಕಡೆ ಬೇಸರಕ್ಕೆ ಬೇಕಾದಷ್ಟು ಕಾರಣಗಳಿವೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಮೂರೂ ಹೊಗೆಸೊಪ್ಪಿನ ಸೀಮೆ. ಸಸಿ ಮಡಿಯಿಂದ ಹಿಡಿದು ಬ್ಯಾರನ್ನಿಗೆ ಸೌದೆ ಹಾಕೋ ತನಕ ಎಲ್ಲಾ ಸಾಲದಲ್ಲೇ ನಡೆಯುತ್ತೆ. ಆಮೇಲೆ ಹರಾಜು ಮಾರುಕಟ್ಟೆಯಲ್ಲಿ ಬೇಲಿನ ಮುಂದೆ ನಿಂತು ರೇಟು ಕಾಯಬೇಕು. ಸಾಲ ಅಂದ್ರೆ ಡಿಪ್ರೆಶನ್ ಅಂತಲ್ಲ. ಎಷ್ಟೋ ಜನ ಸಾಲದಲ್ಲೂ ನಗ್ತಾ ಇರ್ತಾರೆ. ಆದ್ರೆ ಮೂರು ತಿಂಗಳಿಂದ ಹೊಲದ ಕಡೆ ಹೋಗದೆ, ಊಟ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗಿರೋನಿಗೆ ನಮ್ಮಲ್ಲಿ ಒಂದು ಹೆಸರೂ ಇಲ್ಲ. "ಸೋಮಾರಿ ಬಿದ್ದೋಗವ್ನೆ" ಅಂತಾರೆ, "ಗಾಳಿ ಸೋಕದೆ" ಅಂತಾರೆ, ಚಿಕ್ಕದೇವಮ್ಮನ ಬೆಟ್ಟಕ್ಕೆ ಕರ್ಕೊಂಡು ಹೋಗ್ತಾರೆ. ಬೆಟ್ಟಕ್ಕೆ ಹೋಗೋದು ತಪ್ಪಲ್ಲ. ಬೆಟ್ಟದಿಂದ ಇಳಿದ ಮೇಲೆ ಆಸ್ಪತ್ರೆಗೂ ಹೋಗಬೇಕಿತ್ತು, ಅಷ್ಟೆ.

ಇನ್ನೊಂದು ಮಾತಿದೆ, ನಗರದವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಊರುಗಳಲ್ಲಿ ಬೆಳೆಗೆ ಹೊಡೆಯೋ ವಿಷಕ್ಕೂ "ಔಷಧಿ" ಅಂತಲೇ ಹೆಸರು. "ಅವ್ನು ಔಷ್ದಿ ಕುಡ್ಕಬುಟ್ಟ" ಅಂದ್ರೆ ಏನಾಯ್ತು ಅಂತ ಮಕ್ಕಳಿಗೂ ಗೊತ್ತು. ಒಂದೇ ಪದ, ಎರಡು ಡಬ್ಬಿ. ಒಂದು ಡಬ್ಬಿ ಪ್ರತಿ ಮನೆಯ ಅಟ್ಟದ ಮೇಲಿದೆ, ಇನ್ನೊಂದು ಸಿಗೋದಿಲ್ಲ, ಸಿಕ್ಕರೂ ತಗೊಳ್ಳೋಕೆ ನಾಚಿಕೆ. ನಿಮ್ಹಾನ್ಸ್ 2015-16 ರಲ್ಲಿ 12 ರಾಜ್ಯಗಳಲ್ಲಿ ಮಾಡಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಡಿಪ್ರೆಶನ್ ಇರುವ ನೂರು ಜನರಲ್ಲಿ ಸುಮಾರು 85 ಜನಕ್ಕೆ ಚಿಕಿತ್ಸೆಯೇ ತಲುಪಿಲ್ಲ. ನಾಚಿಕೆಯ ಲೆಕ್ಕ ಅಂದ್ರೆ ಇದು.

ಹಳ್ಳಿಯವರನ್ನ ಬೈದು ನಾವು ಬುದ್ಧಿವಂತರಾಗೋದು ಬೇಡ. ಟೆಕ್ ಪಾರ್ಕಿನಲ್ಲಿ ಇದೇ ರೋಗ ಬೇರೆ ವೇಷದಲ್ಲಿದೆ. 2022 ರಲ್ಲಿ ಲಂಡನ್ನಿನ ಸಂಶೋಧಕರು "ಸೆರಟೋನಿನ್ ಕಡಿಮೆ ಆಗೋದ್ರಿಂದ ಡಿಪ್ರೆಶನ್ ಬರುತ್ತೆ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ" ಅಂತ ಬರೆದ್ರು. ಅದು ವಾಟ್ಸ್ಯಾಪಿಗೆ ಬರೋ ಹೊತ್ತಿಗೆ "ಡಿಪ್ರೆಶನ್ ಮಾತ್ರೆಗಳೆಲ್ಲ ಮೋಸ" ಅಂತ ಆಗಿತ್ತು. ಎರಡೂ ಬೇರೆ ಮಾತು. ಮಾತ್ರೆ ಹೇಗೆ ಕೆಲಸ ಮಾಡುತ್ತೆ ಅನ್ನೋ ಹಳೇ ವಿವರಣೆ ತೀರಾ ಸರಳ ಅನ್ನೋದು ನಿಜ. ಕೆಲಸ ಮಾಡುತ್ತಾ ಅನ್ನೋ ಪ್ರಶ್ನೆಗೆ 2018 ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಉತ್ತರ ಬಂದಿತ್ತು: 522 ಪ್ರಯೋಗಗಳು, 21 ಔಷಧಿಗಳು, ಲಕ್ಷಕ್ಕೂ ಹೆಚ್ಚು ರೋಗಿಗಳು. ಇಪ್ಪತ್ತೊಂದೂ ಸಕ್ಕರೆ ಗುಳಿಗೆಗಿಂತ ಮೇಲು. ಪವಾಡ ಏನಲ್ಲ, ಸರಾಸರಿಯಲ್ಲಿ ಸಾಧಾರಣ ಪರಿಣಾಮವೇ. ಬೇಸರ ಹಗುರವಾಗಿದ್ರೆ ಮಾತ್ರೆ ಬೇಡದೆಯೂ ಇರಬಹುದು, ಆಪ್ತಸಮಾಲೋಚನೆ ಸಾಕಾಗಬಹುದು. ಅದನ್ನ ತೀರ್ಮಾನ ಮಾಡೋದು ಡಾಕ್ಟರು, ಪಕ್ಕದ ಡೆಸ್ಕಿನವನಲ್ಲ.

ಈ ಪಕ್ಕದ ಡೆಸ್ಕಿನವನ ಬಗ್ಗೆ ನನಗೆ ನಿಜವಾದ ಸಿಟ್ಟಿದೆ. ಮಾತ್ರೆ ಬೇಡ ಅನ್ನೋರಿಗಿಂತ ಅಪಾಯಕಾರಿ ಅಂದ್ರೆ ಜೇಬಿಂದ ಸ್ಟ್ರಿಪ್ ತೆಗೆದು "ನಂಗೆ ವರ್ಕ್ ಆಯ್ತು ಮಗಾ, ಅರ್ಧ ತಗೊ" ಅನ್ನೋನು. ಆ ಸ್ಟ್ರಿಪ್ಪಿನ ಹಿಂಭಾಗ ಓದಿದ್ದೀರಾ? ನಮ್ಮ ದೇಶದಲ್ಲಿ ಎಸಿಟಾಲೊಪ್ರಾಮ್ ಜೊತೆಗೆ ಕ್ಲೋನಜೆಪಾಮ್ ಸೇರಿಸಿ ಒಂದೇ ಮಾತ್ರೆಯಾಗಿ ಧಾರಾಳವಾಗಿ ಮಾರ್ತಾರೆ. ಎಸಿಟಾಲೊಪ್ರಾಮ್ ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಆರೂ ಬೇಕು. ಕ್ಲೋನಜೆಪಾಮ್ ಅದೇ ರಾತ್ರಿ ನಿದ್ದೆ ತರಿಸುತ್ತೆ. ಮೊದಲ ಕೆಲವು ವಾರ ಡಾಕ್ಟರು ಅದನ್ನ ಬೇಕಂತಲೇ ಕೊಡೋದುಂಟು, ಆಮೇಲೆ ನಿಲ್ಲಿಸ್ತಾರೆ. ಯಾಕಂದ್ರೆ ಚಟ ಹಿಡಿಸೋದು ಅದು. ಎಸ್‌ಎಸ್‌ಆರ್‌ಐಗೆ ಅಂಥ ಹಂಬಲದ ಚಟ ಇಲ್ಲ. ಚೀಟಿ ಇಲ್ಲದೆ ಇವೆರಡನ್ನೂ ಮಾರುವಂತಿಲ್ಲ. ಆದ್ರೂ ಹಳೇ ಚೀಟಿಯ ಫೋಟೋ ತೋರಿಸಿ ವರ್ಷಗಟ್ಟಲೆ ಜೋಡಿ ಮಾತ್ರೆ ನುಂಗೋರು ನನ್ನ ಸರ್ಕಲ್ಲಿನಲ್ಲೇ ಇದ್ದಾರೆ. ಆಮೇಲೆ "ಡಿಪ್ರೆಶನ್ ಮಾತ್ರೆ ಅಡಿಕ್ಷನ್" ಅಂತ ಊರೆಲ್ಲ ಸಾರೋರೂ ಇವರೇ.

ಡಾಕ್ಟರು ಏನು ಮಾಡ್ತಾರೆ, ಮೆಡಿಕಲ್ ಶಾಪಿನವನು ಏನು ಮಾಡಲ್ಲ ಅಂತ ಹೇಳ್ತೀನಿ ಕೇಳಿ. ನನಗೆ ಮೊದಲು ಕೇಳಿದ ಪ್ರಶ್ನೆಗಳಲ್ಲಿ ಒಂದು: "ಯಾವಾಗಾದ್ರೂ ನಿದ್ದೆಯೇ ಬೇಡ ಅನ್ನಿಸಿ, ನಾಲ್ಕೈದು ದಿನ ವಿಪರೀತ ಹುರುಪಲ್ಲಿ ದುಡ್ಡು ಚೆಲ್ಲಿದ್ದೀಯಾ?" ನನಗೆ ನಗು ಬಂತು. ಆದ್ರೆ ಅದು ಬೈಪೋಲಾರ್ ಇದೆಯಾ ಅಂತ ನೋಡೋ ಪ್ರಶ್ನೆ. ಇದ್ದವರಿಗೆ ಬರೀ ಎಸ್‌ಎಸ್‌ಆರ್‌ಐ ಕೊಟ್ರೆ ಉನ್ಮಾದಕ್ಕೆ ತಿರುಗಬಹುದು. ಬೇರೆ ಏನು ಮಾತ್ರೆ ತಗೋತೀಯ ಅಂತಲೂ ಕೇಳಿದ್ರು. ನೋವಿಗೆ ಕೊಡೋ ಟ್ರಮಡಾಲ್ ಜೊತೆ ಸೇರಿದ್ರೆ ಬೆವರು, ನಡುಕ, ಗಲಿಬಿಲಿ ಶುರುವಾಗಿ ಜೀವಕ್ಕೇ ಅಪಾಯ ಆಗಬಹುದು. ಬೆನ್ನುನೋವಿಗೆ ದಿನಾ ಐಬುಪ್ರೊಫೆನ್ ನುಂಗೋರಿಗೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತೆ. ಶುಕ್ರವಾರದ ಬಿಯರ್ ಬಗ್ಗೆಯೂ ಕೇಳಿದ್ರು, ನನ್ನ ಉತ್ತರ ಕೇಳಿ ಪೆನ್ನು ಕೆಳಗಿಟ್ಟರು. ಅಂದಹಾಗೆ ಊರಲ್ಲಿರೋ ಅಪ್ಪ ಅಮ್ಮನಿಗೆ "ಇದು ಒಳ್ಳೆ ಮಾತ್ರೆ" ಅಂತ ನಿಮ್ಮ ಸ್ಟ್ರಿಪ್ ಕೊಡಬೇಡಿ. ವಯಸ್ಸಾದವರಲ್ಲಿ ಇದು ರಕ್ತದ ಸೋಡಿಯಂ ಇಳಿಸಿ ಬೀಳಿಸಿಬಿಡಬಹುದು.

ಶುರು ಮಾಡಿದ್ದು 5 ಮಿಲಿಗ್ರಾಂನಲ್ಲಿ, ಆಮೇಲೆ 10. ಮೊದಲ ಹತ್ತು ದಿನ ವಾಕರಿಕೆ, ತಲೆನೋವು. ಆತಂಕ ಇಳಿಯೋ ಬದಲು ಒಂಚೂರು ಏರಿತು. ಹೀಗಾಗಬಹುದು ಅಂತ ಮೊದಲೇ ಹೇಳಿದ್ರಿಂದ ನಾನು ಉಳಕೊಂಡೆ. ಹೇಳದೇ ಇದ್ದವರು ನಾಲ್ಕನೇ ದಿನಕ್ಕೆ ಸ್ಟ್ರಿಪ್ ಬಿಸಾಕ್ತಾರೆ. ಇಪ್ಪತ್ತೈದರ ಒಳಗಿನವರ ವಿಷಯದಲ್ಲಿ ಇನ್ನೂ ಹುಷಾರು ಬೇಕು: ಮೊದಲ ವಾರಗಳಲ್ಲಿ ಮತ್ತು ಡೋಸ್ ಬದಲಾದಾಗ ಸಾಯೋ ಯೋಚನೆ ಹೆಚ್ಚಾಗುವ ಸಾಧ್ಯತೆ ಇದೆ ಅಂತ ಅಮೆರಿಕದಲ್ಲಿ ಪೆಟ್ಟಿಗೆಯ ಮೇಲೇ ಎಚ್ಚರಿಕೆ ಹಾಕಿಸಿದ್ದಾರೆ. ಆ ದಿನಗಳಲ್ಲಿ ಪಿಜಿಯಲ್ಲಿ ಒಬ್ಬರೇ ಇರಬೇಡಿ, ಒಬ್ಬರಿಗಾದ್ರೂ ತಿಳಿಸಿ, ತಡೆಯೋಕಾಗದಷ್ಟು ಚಡಪಡಿಕೆ ಬಂದ್ರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಲೈಂಗಿಕ ಆಸಕ್ತಿ ಇಳಿಯೋದೂ ಉಂಟು. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಸದ್ದಿಲ್ಲದೆ ಮಾತ್ರೆ ಬಿಡ್ತಾರೆ. ಹೇಳಿದ್ರೆ ಡೋಸೋ ಮಾತ್ರೆಯೋ ಬದಲಾಯಿಸ್ತಾರೆ.

ಬಿಡೋ ವಿಷಯದಲ್ಲಂತೂ ನಮ್ಮ ಜಾತಿಯವರಿಗೆ, ಅಂದ್ರೆ ಇಂಜಿನಿಯರುಗಳಿಗೆ, ವಿವರಿಸಿ ಹೇಳಬೇಕಾಗಿಲ್ಲ. ಪ್ರೊಡಕ್ಷನ್ ಸರ್ವರನ್ನ ಸೋಮವಾರ ಬೆಳಗ್ಗೆ ಪ್ಲಗ್ ಕಿತ್ತು ನಿಲ್ಲಿಸ್ತೀರಾ? ಎಂಟು ವಾರಕ್ಕೆ "ಆರಾಮಾದೆ" ಅನ್ನಿಸುತ್ತೆ. ಮಾತ್ರೆ ಇರೋದ್ರಿಂದಲೇ ಹಾಗನ್ನಿಸೋದು. ಆರಾಮಾದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು, ಎರಡನೇ ಮೂರನೇ ಸಲ ಬಂದವರು ಇನ್ನೂ ಹೆಚ್ಚು ಕಾಲ. ದಿಢೀರ್ ಬಿಟ್ರೆ ತಲೆಸುತ್ತು, ಕಿರಿಕಿರಿ, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಝಿಲ್ಲನ್ನೋದು. ಕೆಲವರಿಗೆ ಇದು ವಾರಗಟ್ಟಲೆ ಕಾಡುತ್ತೆ, ಅದನ್ನ ಮುಚ್ಚಿಡೋ ಡಾಕ್ಟರುಗಳ ಮೇಲೂ ನನಗೆ ತಕರಾರಿದೆ. ನಾನು ಇಳಿಸೋಕೆ ಮೂರು ತಿಂಗಳು ತಗೊಂಡೆ.

ಇನ್ನು ಕಂಪನಿಗಳು. ಅಕ್ಟೋಬರ್ 10 ಬಂದ್ರೆ ಮಾನಸಿಕ ಆರೋಗ್ಯ ದಿನದ ವೆಬಿನಾರ್, ಹಸಿರು ರಿಬ್ಬನ್, ಉಸಿರಾಟದ ವ್ಯಾಯಾಮ. ಅದೇ ಸಂಜೆ ರಾತ್ರಿ ಹನ್ನೊಂದಕ್ಕೆ ಕಾಲ್. 2017 ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ವಿಮೆ ಕಂಪನಿಗಳು ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು. ನಿಮ್ಮ ಗ್ರೂಪ್ ಪಾಲಿಸಿಯಲ್ಲಿ ಮನೋವೈದ್ಯರ ಹೊರರೋಗಿ ಫೀಸು ಇದೆಯಾ ಅಂತ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ನೋಡಿ. ಕಬಿನಿ ಟೀಮ್ ಔಟಿಂಗಿನ ಬಜೆಟ್ ಅದಕ್ಕೆ ಕೊಡಿ ಅಂತಲೂ ಸೇರಿಸಿ. ನಾನು ಹಾಕಿದ್ದೇನೆ, ಉತ್ತರ ಬಂದಿಲ್ಲ.

ಊರಿನ ಕಡೆಗೂ ಒಂದು ದಾರಿ ಇದೆ. 2022 ರ ಅಕ್ಟೋಬರ್ 10 ರಂದು ಶುರುವಾದ ಟೆಲಿ ಮನಸ್, ನಂಬರು 14416. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಫ್ಲುಆಕ್ಸೆಟಿನ್, ಎಸಿಟಾಲೊಪ್ರಾಮ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಒಂದು ಜನೌಷಧಿ ಮಾತ್ರೆಗೆ ಬೆಂಗಳೂರಿನ ಅರ್ಧ ಕಾಫಿಯ ದುಡ್ಡೂ ಬೇಡ. ಪಟ್ಟಿಯಲ್ಲಿರೋ ಮಾತ್ರೆ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ವರ್ಷಪೂರ್ತಿ ಇರಬೇಕು, ಯಾಕಂದ್ರೆ ನಡುವೆ ಎರಡು ವಾರ ಸ್ಟಾಕ್ ಇಲ್ಲ ಅಂದ್ರೂ ರೋಗಿ ಔಷಧಿ ದಿಢೀರ್ ಬಿಟ್ಟ ಹಾಗೇ. ಮುಂದಿನ ಸಲ ಕಬಿನಿಗೆ ಹೋಗೋರು ದಾರಿಯಲ್ಲಿ ಕೋಟೆ ತಾಲ್ಲೂಕು ಆಸ್ಪತ್ರೆ ಮುಂದೆ ಒಂದು ಐದು ನಿಮಿಷ ಗಾಡಿ ನಿಲ್ಲಿಸಿ, ಒಳಗೆ ಹೋಗಿ ಮನೋವೈದ್ಯರು ಯಾವ ವಾರ ಬರ್ತಾರೆ, ಎಸಿಟಾಲೊಪ್ರಾಮ್ ಇದೆಯಾ ಅಂತ ಕೇಳಿ. ಕೇಳೋರಿದ್ದಾರೆ ಅಂತ ಅವರಿಗೂ ಗೊತ್ತಾಗಲಿ.