ವಾಪಸ್ ಬಂದ ಹಣಕ್ಕೂ ಟ್ಯಾಕ್ಸಾ?

ಅಮೆರಿಕದಲ್ಲಿರೋ ನಮ್ಮವರ ಮನೆಗಳಲ್ಲಿ ಯುಗಾದಿ ಹೊತ್ತಿಗೆ ಎರಡು ಕೆಲಸ ಇರುತ್ತವೆ. ಒಂದು, ಇಂಡಿಯನ್ ಸ್ಟೋರ್‌ನಲ್ಲಿ ಬೇವಿನ ಸೊಪ್ಪು ಬಂತಾ ಅಂತ ವಿಚಾರಿಸೋದು. ಇನ್ನೊಂದು, ಏಪ್ರಿಲ್ 15ರೊಳಗೆ ಟ್ಯಾಕ್ಸ್ ರಿಟರ್ನ್ ಸಲ್ಲಿಸೋದು. ಬೇವು ಸಿಗದಿದ್ದರೆ ಬೆಲ್ಲ ತಿಂದು ಸುಮ್ಮನಾಗಬಹುದು. ಟ್ಯಾಕ್ಸ್ ವಿಷಯದಲ್ಲಿ ಹಾಗಾಗಲ್ಲ. ಅದಕ್ಕೇ ಈ ಸಲದ ಅಂಕಣದಲ್ಲಿ ಅಡುಗೆ ಮನೆ ಬಿಟ್ಟು ಕಾಗದ ಪತ್ರದ ಡ್ರಾಯರ್ ತೆಗೆದಿದ್ದೇನೆ.

ಊರಲ್ಲಿರುವ ಓದುಗರಿಗೆ ಮೊದಲು ಒಂದು ಮಾತು. ನಮ್ಮಲ್ಲಿ ಆದಾಯ ತೆರಿಗೆ ಅಂದರೆ ಕೇಂದ್ರ ಸರ್ಕಾರದ್ದು ಮಾತ್ರ. ಇಲ್ಲಿ ಫೆಡರಲ್ ಸರ್ಕಾರಕ್ಕೆ ಒಂದು, ಬಹಳಷ್ಟು ರಾಜ್ಯಗಳಲ್ಲಿ ರಾಜ್ಯಕ್ಕೆ ಇನ್ನೊಂದು. ಅದರ ಮೇಲೆ ಕೆಲವು ಕಡೆ ಊರಿಗೂ ಆದಾಯ ತೆರಿಗೆ ಕಟ್ಟಬೇಕು. ನ್ಯೂಯಾರ್ಕ್ ನಗರ, ಫಿಲಡೆಲ್ಫಿಯಾ, ಡೆಟ್ರಾಯಿಟ್, ಮೇರಿಲ್ಯಾಂಡ್‌ನ ಕೌಂಟಿಗಳು, ನಾನಿರುವ ಒಹಾಯೋದ ನೂರಾರು ಊರುಗಳು ಈ ಸಾಲಿಗೆ ಸೇರುತ್ತವೆ. ಕೊಲಂಬಸ್ ನಗರದ ದರ 2.5 ಪರ್ಸೆಂಟ್. ಸಂಬಳ ಕೈಗೆ ಬರೋ ಮೊದಲೇ ಮುರಿದುಕೊಂಡಿರುತ್ತಾರೆ.

ಆಫೀಸು ಕೊಲಂಬಸ್‌ನಲ್ಲಿದ್ದು, ಮನೆ ಊರಾಚೆಯ ಟೌನ್‌ಶಿಪ್‌ನಲ್ಲಿದ್ದು, ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಗರದ ಹೊರಗೆ ಕೆಲಸ ಮಾಡಿದ ದಿನಗಳ ಟ್ಯಾಕ್ಸನ್ನು ನಗರದಿಂದ ವಾಪಸ್ ಕೇಳಬಹುದು. ಅರ್ಜಿ ಹಾಕಿದರೆ ಬರುತ್ತೆ. ಬಂದ ಮೇಲೆ ಶುರುವಾಗೋದೇ ಈ ಪ್ರಶ್ನೆ: ಈ ರಿಫಂಡ್‌ಗೆ ಮತ್ತೆ ಫೆಡರಲ್ ಟ್ಯಾಕ್ಸ್ ಕಟ್ಟಬೇಕಾ?

ಕಳೆದ ತಿಂಗಳು ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಗಂಡನಿಗೆ ಕೆಲಸ ಹೋಗಿ ಐದು ತಿಂಗಳಾಗಿತ್ತು. ಖರ್ಚು ಉಳೀಲಿ ಅಂತ ಈ ವರ್ಷ ಬೇರೆ ಸಾಫ್ಟ್‌ವೇರ್‌ನಲ್ಲಿ ತಾನೇ ರಿಟರ್ನ್ ತುಂಬುತ್ತಿದ್ದಳು. "ಅಕ್ಕಾ, ಸಿಟಿಯಿಂದ 1,400 ಡಾಲರ್ ರಿಫಂಡ್ ಬಂದಿತ್ತು. ಅದನ್ನ ಹಾಕಿದ ಕೂಡಲೇ ನಮಗೆ ಬರಬೇಕಾದ ಹಣ 168 ಡಾಲರ್ ಕಮ್ಮಿ ಆಯ್ತು. ನಮ್ಮ ದುಡ್ಡು ನಮಗೆ ವಾಪಸ್ ಬಂದ್ರೂ ಟ್ಯಾಕ್ಸಾ?" ಅಂದಳು. ದನಿ ನಡುಗುತ್ತಿತ್ತು. ಒಂದೇ ಸಂಬಳದಲ್ಲಿ ನಡೀತಿದ್ದ ಮನೆಯಲ್ಲಿ ಆ ಸಂಬಳವೂ ನಿಂತಾಗ 168 ಡಾಲರ್ ಅಂದರೆ ದಿನಸಿ, ಮಗುವಿನ ಡೈಪರ್.

"ತಡಿಯಮ್ಮ, ಈ ವರ್ಷದ ಕಾಗದ ಬದಿಗಿಡು. 2024ರ ರಿಟರ್ನ್ ತೆಗಿ," ಅಂದೆ. ನಾನು ಲೆಕ್ಕಪರಿಶೋಧಕಿ ಅಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಯಾವಾಗಲೂ ಹಳೇ ಫೈಲಿನಲ್ಲೇ ಇರುತ್ತೆ ಅನ್ನೋದು ಗೊತ್ತು.

ಯಾಕೆ ಅಂತ ಒಂದು ಉದಾಹರಣೆ ಕೊಡ್ತೀನಿ. ನೀವು ಅಂಗಡಿಯಲ್ಲಿ ಸಾವಿರ ರೂಪಾಯಿಯ ಔಷಧಿ ತಗೊಂಡ್ರಿ. ಬಿಲ್ಲನ್ನು ಆಫೀಸಿಗೆ ಕೊಟ್ಟು ಹಣ ಪಡೆದ್ರಿ. ಆಮೇಲೆ ಔಷಧಿ ಬೇಡವಾಗಿ ಅಂಗಡಿಗೆ ಹಿಂತಿರುಗಿಸಿದ್ರಿ, ಅಂಗಡಿಯವನು ಸಾವಿರ ವಾಪಸ್ ಕೊಟ್ಟ. ಈಗ ಆ ಸಾವಿರ ನ್ಯಾಯವಾಗಿ ಆಫೀಸಿನದು. ಆದರೆ ನೀವು ಆಫೀಸಿಗೆ ಬಿಲ್ಲನ್ನೇ ಕೊಟ್ಟಿರಲಿಲ್ಲ ಅಂದ್ಕೊಳ್ಳಿ. ಆಗ ಅಂಗಡಿಯವನು ಕೊಟ್ಟದ್ದು ಪೂರ್ತಿ ನಿಮ್ಮದೇ, ಯಾರೂ ಕೇಳೋ ಹಾಗಿಲ್ಲ.

ಅಮೆರಿಕದ ಕಾನೂನೂ ಇಷ್ಟೇ ಹೇಳೋದು. ಊರಿಗೆ ಕಟ್ಟಿದ ತೆರಿಗೆಯನ್ನು ಖರ್ಚು ಅಂತ ತೋರಿಸಿ ಹಿಂದಿನ ವರ್ಷ ಫೆಡರಲ್ ಟ್ಯಾಕ್ಸ್ ಉಳಿಸಿಕೊಂಡಿದ್ದರೆ, ಈಗ ವಾಪಸ್ ಬಂದದ್ದು ಆದಾಯ. ಉಳಿಸಿಕೊಂಡಿಲ್ಲದಿದ್ದರೆ ಆದಾಯವಲ್ಲ.

2025ರಲ್ಲಿ ಕೈಗೆ ಬಂದ 2024ರ ರಿಫಂಡ್ ಲೆಕ್ಕದಲ್ಲಿ ಇದನ್ನೇ ನೋಡೋಣ.

ಮೊದಲನೆಯದು, 2024ರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ತಗೊಂಡವರು. ಗಂಡ-ಹೆಂಡತಿ ಜಂಟಿಯಾಗಿ ಸಲ್ಲಿಸಿದ್ದರೆ 29,200 ಡಾಲರ್, ಒಬ್ಬರೇ ಆದರೆ 14,600. ಇವರು ಊರಿನ ತೆರಿಗೆಯ ಬಿಲ್ಲನ್ನು ಆಫೀಸಿಗೆ ಕೊಟ್ಟೇ ಇಲ್ಲ ಅಂತ ಲೆಕ್ಕ. ರಿಫಂಡ್ ಎಷ್ಟೇ ಬಂದಿರಲಿ, ಒಂದು ಪೈಸೆಗೂ ಟ್ಯಾಕ್ಸ್ ಇಲ್ಲ. ನಮ್ಮ ಹುಡುಗಿಯ ಫೈಲಿನಲ್ಲಿ ಫಾರ್ಮ್ 1040ರ 12ನೇ ಸಾಲಿನಲ್ಲಿದ್ದದ್ದು 29,200.

ಎರಡನೆಯದು, ಶೆಡ್ಯೂಲ್ ಎ ತುಂಬಿ ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸಿದವರು. ಇಲ್ಲಿ ಸ್ವಲ್ಪ ಗಮನ ಬೇಕು. ರಾಜ್ಯ, ಊರು, ಮನೆಗಂದಾಯ ಎಲ್ಲ ಸೇರಿಸಿ 2024ರಲ್ಲಿ ತೋರಿಸಲು ಬಿಟ್ಟಿದ್ದು 10,000 ಡಾಲರ್ ಮಾತ್ರ. ಒಬ್ಬರು ರಾಜ್ಯಕ್ಕೆ 5,000, ಊರಿಗೆ 4,000, ಮನೆಗಂದಾಯ 7,000 ಕಟ್ಟಿದ್ದರು ಅನ್ನಿ. ಒಟ್ಟು 16,000. ಊರಿನಿಂದ 1,400 ವಾಪಸ್ ಬಂದರೂ ಉಳಿದದ್ದು 14,600, ಅಂದರೆ 10,000ಕ್ಕಿಂತ ಜಾಸ್ತಿಯೇ. ಆ 1,400ರಿಂದ ಅವರಿಗೆ ಲಾಭವೇ ಆಗಿರಲಿಲ್ಲ, ಹಾಗಾಗಿ ಟ್ಯಾಕ್ಸೂ ಇಲ್ಲ. ಶೆಡ್ಯೂಲ್ ಎಯ 5ಡಿ ಸಾಲಿನಲ್ಲಿ ಈ ಒಟ್ಟು ಮೊತ್ತ ಸಿಗುತ್ತೆ. ರಾಜ್ಯದಿಂದಲೂ ರಿಫಂಡ್ ಬಂದಿದ್ದರೆ ಎರಡನ್ನೂ ಕೂಡಿಸಿ ಕಳೆಯಬೇಕು.

ಮೂರನೆಯದು, ಬಿಡಿಯಾಗಿ ತೋರಿಸಿದ ಎಲ್ಲ ಖರ್ಚು ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ ಸ್ವಲ್ಪವೇ ಹೆಚ್ಚಿದ್ದವರು. ಮೂರೂ ತೆರಿಗೆ ಸೇರಿ 8,500, ಮನೆ ಸಾಲದ ಬಡ್ಡಿ ಮತ್ತು ದಾನ ಸೇರಿ 21,200, ಒಟ್ಟು 29,700 ಅನ್ನಿ. 29,200ಕ್ಕಿಂತ ಹೆಚ್ಚು ಸಿಕ್ಕಿದ ಲಾಭ 500 ಮಾತ್ರ. ರಿಫಂಡ್ 1,400 ಬಂದಿದ್ದರೂ ಟ್ಯಾಕ್ಸ್ ಬೀಳೋದು ಆ 500ಕ್ಕೆ ಅಷ್ಟೇ.

ನಾಲ್ಕನೆಯದನ್ನು ಹೊಸದಾಗಿ ಬಂದವರು ಓದಲೇಬೇಕು. ವರ್ಷದ ಮಧ್ಯೆ ಬಂದು 1040-ಎನ್‌ಆರ್ ಸಲ್ಲಿಸಿದವರಿಗೆ ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗಲ್ಲ. ಅವರು ರಾಜ್ಯಕ್ಕೆ, ಊರಿಗೆ ಕಟ್ಟಿದ್ದನ್ನು ಬಿಡಿಯಾಗಿ ತೋರಿಸಿರುತ್ತಾರೆ. ಹಾಗಾಗಿ ಮೊದಲ ರಿಫಂಡ್‌ಗೇ ಅವರಿಗೆ ಟ್ಯಾಕ್ಸ್ ಬೀಳಬಹುದು. ಭಾರತದಿಂದ ಬಂದ ವಿದ್ಯಾರ್ಥಿಗಳಿಗೆ ಮಾತ್ರ ಎರಡು ದೇಶಗಳ ಒಪ್ಪಂದದ ಪ್ರಕಾರ ಸ್ಟ್ಯಾಂಡರ್ಡ್ ಡಿಡಕ್ಷನ್ ಇದೆ. ಅದನ್ನು ತಗೊಂಡಿದ್ದರೆ ಅವರಿಗೆ ಈ ತಲೆನೋವಿಲ್ಲ.

ಹಾಗಾದರೆ ಸಾಫ್ಟ್‌ವೇರ್ ಯಾಕೆ 168 ಡಾಲರ್ ಕಡಿಮೆ ತೋರಿಸಿತು? ಪಾಪ, ಅದಕ್ಕೆ ಗೊತ್ತಿರಲಿಲ್ಲ. ಕಳೆದ ವರ್ಷ ಬಳಸಿದ ಸಾಫ್ಟ್‌ವೇರೇ ಆಗಿದ್ದರೆ ಹಳೇ ಲೆಕ್ಕ ಅದರ ಹತ್ತಿರ ಇರುತ್ತಿತ್ತು. ಹೊಸದಕ್ಕೆ ನಾವೇ ಹೇಳಬೇಕು. ರಿಫಂಡ್ ಮೊತ್ತ ಹಾಕಿದ ಮೇಲೆ ಬರುವ ಮುಂದಿನ ಪುಟಗಳಲ್ಲಿ ಕಳೆದ ವರ್ಷ ಯಾವ ಡಿಡಕ್ಷನ್ ತಗೊಂಡ್ರಿ, ಒಟ್ಟು ತೆರಿಗೆ ಎಷ್ಟು ಕಟ್ಟಿದ್ರಿ ಅಂತೆಲ್ಲ ಕೇಳುತ್ತೆ. ಅವನ್ನು ಖಾಲಿ ಬಿಟ್ಟು ಮುಂದೆ ಹೋದರೆ ಪೂರ್ತಿ ರಿಫಂಡನ್ನೇ ಆದಾಯ ಅಂದುಕೊಂಡು ಬಿಡಬಹುದು. ಆಕೆ 'ಸ್ಟ್ಯಾಂಡರ್ಡ್' ಅಂತ ಆರಿಸಿದ ಕೂಡಲೇ 168 ಡಾಲರ್ ವಾಪಸ್ ಬಂತು. ಸಲ್ಲಿಸೋ ಮೊದಲು ಶೆಡ್ಯೂಲ್ 1ರ ಮೊದಲ ಸಾಲು ನೋಡಿ. ರಿಫಂಡ್‌ನಲ್ಲಿ ಎಷ್ಟು ಭಾಗ ಆದಾಯ ಅಂತ ಲೆಕ್ಕ ಹಾಕಿದೆಯೋ ಅದು ಅಲ್ಲೇ ಕಾಣುತ್ತೆ.

ಆಕೆಯನ್ನು ಹೆದರಿಸಿದ್ದು ಇನ್ನೊಂದು ವಿಷಯ. ಅವರಿಗೆ 1099-ಜಿ ಅನ್ನೋ ಫಾರ್ಮ್ ಎರಡು ಬಂದಿದ್ದವು. ಒಂದು ನಿರುದ್ಯೋಗ ಭತ್ಯೆಯದು, ಇನ್ನೊಂದು ಸಿಟಿಯದು. ಹೆಸರು ಒಂದೇ ಆದರೂ ಲೆಕ್ಕ ಬೇರೆ. ಬಾಕ್ಸ್ 1ರಲ್ಲಿರುವ ನಿರುದ್ಯೋಗ ಭತ್ಯೆಗೆ ಫೆಡರಲ್ ಟ್ಯಾಕ್ಸ್ ಇದೆ. ಬಾಕ್ಸ್ 2ರಲ್ಲಿರೋದು ರಾಜ್ಯ ಅಥವಾ ಊರಿನ ರಿಫಂಡ್. ಅದಕ್ಕೆ ಮೇಲೆ ಹೇಳಿದ ಪರೀಕ್ಷೆ. ಬಾಕ್ಸ್ 3ರಲ್ಲಿ ವರ್ಷ ನಮೂದಿಸಿದ್ದರೆ ಆ ವರ್ಷದ ಫೈಲನ್ನೇ ತೆಗೆಯಬೇಕು. ಫಾರ್ಮ್ ಬಂತು ಅಂದ ಮಾತ್ರಕ್ಕೆ ಟ್ಯಾಕ್ಸ್ ಕಟ್ಟಬೇಕು ಅಂತಲ್ಲ, ಬರಲಿಲ್ಲ ಅಂದ ಮಾತ್ರಕ್ಕೆ ಮಾಫಿ ಅಂತಲೂ ಅಲ್ಲ.

ರಿಫಂಡ್ ಜೊತೆ ಬಡ್ಡಿ ಬಂದಿದ್ದರೆ ಆ ಬಡ್ಡಿಗೆ ಮಾತ್ರ ಯಾವಾಗಲೂ ಟ್ಯಾಕ್ಸ್ ಇದೆ. ಊರಲ್ಲೂ ಹೀಗೇ. ಆದಾಯ ತೆರಿಗೆ ಇಲಾಖೆ ಕೊಡುವ ರಿಫಂಡ್ ಆದಾಯವಲ್ಲ, ಆದರೆ ಅದರ ಮೇಲೆ ಕೊಡುವ ಬಡ್ಡಿಯನ್ನು 'ಇತರ ಮೂಲಗಳ ಆದಾಯ' ಅಂತ ತೋರಿಸಬೇಕು. ಪಿಂಚಣಿದಾರರಾದ ಅಪ್ಪ, ಮಾವ ಇದ್ದರೆ ಅವರಿಗೂ ಒಂದು ಮಾತು ಹೇಳಿ.

ಮುಂದಿನ ವರ್ಷಕ್ಕೆ ಒಂದು ಎಚ್ಚರಿಕೆ. 10,000 ಇದ್ದ ಮಿತಿಯನ್ನು 2025ರ ಲೆಕ್ಕಕ್ಕೆ 40,000ಕ್ಕೆ ಏರಿಸಿದ್ದಾರೆ. ಸಂಬಳ ತುಂಬ ಜಾಸ್ತಿ ಇರುವವರಿಗೆ ಮಾತ್ರ ಇದು ಇಳಿಯುತ್ತೆ. ಸ್ವಂತ ಮನೆ ಇರುವ ಎಷ್ಟೋ ಕುಟುಂಬಗಳಿಗೆ ಇನ್ನು 31,500 ಡಾಲರ್‌ನ ಜಂಟಿ ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ ಶೆಡ್ಯೂಲ್ ಎ ಲಾಭ ಅನ್ನಿಸಬಹುದು. ಒಳ್ಳೆಯದೇ. ಆದರೆ ಹಾಗೆ ಮಾಡಿದವರಿಗೆ 2026ರಲ್ಲಿ ಬರುವ ರಿಫಂಡ್‌ಗೆ ಟ್ಯಾಕ್ಸ್ ಬೀಳುವ ಸಾಧ್ಯತೆ ಹೆಚ್ಚು. "ಹೋದ ಸಲ ಇರಲಿಲ್ವಲ್ಲ" ಅಂತ ಸುಮ್ಮನಿರಬೇಡಿ.

ಅದಕ್ಕೇ, ರಿಟರ್ನ್ ಸಲ್ಲಿಸಿದ ದಿನವೇ ಪೂರ್ತಿ ಪ್ರತಿಯನ್ನು ಪಿಡಿಎಫ್ ಮಾಡಿ, ಗಂಡ-ಹೆಂಡತಿ ಇಬ್ಬರಿಗೂ ಸಿಗುವ ಜಾಗದಲ್ಲಿಡಿ. ಎಷ್ಟೋ ಮನೆಗಳಲ್ಲಿ ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತೆ. ಅಕ್ಕತಂಗಿಯರೇ, ಈ ವಾರಾಂತ್ಯ ಒಂದು ಲೋಟ ಕಾಫಿ ಹಿಡ್ಕೊಂಡು ಕೂತು ಕಳೆದ ವರ್ಷದ ರಿಟರ್ನ್‌ನ 12ನೇ ಸಾಲಿನಲ್ಲಿ ಏನಿದೆ ಅಂತ ನೀವೇ ನೋಡಿ. ಐದು ನಿಮಿಷದ ಕೆಲಸ.